ಮೀಟರಿನಲ್ಲಿ 13.6 ವೋಲ್ಟ್, ಕಾರಿನಲ್ಲಿ ಬರೀ ಗಾಳಿ

ಆರಿದ್ರಾ ಮಳೆ ಹಿಡಿದುಕೊಂಡ ಮೇಲೆ ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಬರುವ ಎಸಿ ದೂರುಗಳಲ್ಲಿ ಸೆಕೆಯ ಮಾತಿರುವುದಿಲ್ಲ. ಆಗುಂಬೆ ಘಾಟಿಯಲ್ಲಿ ಗಾಜಿನ ಒಳಗೆ ಮಬ್ಬು ಕಟ್ಟಿ ತಿರುವು ಕಾಣಲಿಲ್ಲ ಎನ್ನುವುದೇ ಹೆಚ್ಚು. ಎಸಿ ಒಳಗಿನ ಗಾಳಿಯ ತೇವ ತೆಗೆದರೆ ತಾನೇ ಗಾಜು ತಿಳಿಯಾಗುವುದು!

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. "ಎರಡು ಸಲ ಗ್ಯಾಸ್ ತುಂಬಿಸಿಯಾಯಿತು ಮಾರಾಯರೆ. ಹತ್ತು ನಿಮಿಷ ತಣ್ಣಗಿರುತ್ತದೆ, ಆಮೇಲೆ ಬರೀ ಗಾಳಿ." ಗೇಜ್ ಹಾಕಿ ನೋಡಿದೆ. ಗ್ಯಾಸ್ ಸರಿಯಾಗಿಯೇ ಇತ್ತು. ಎಂಜಿನ್ ಕಾದ ಮೇಲೆ, ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್‌ನ ಕ್ಲಚ್ ಕಚ್ಚಿಕೊಳ್ಳುತ್ತಿರಲಿಲ್ಲ. ಎಂಜಿನ್ ಬೆಲ್ಟಿನಿಂದ ತಿರುಗುವ ಚಕ್ರವನ್ನು ಕಂಪ್ರೆಸರ್‌ಗೆ ಜೋಡಿಸುವ ಈ ಕ್ಲಚ್ ಒಂದು ವಿದ್ಯುತ್ಕಾಂತ. ಕಾದಷ್ಟೂ ಕಾಯಿಲ್‌ನ ರೋಧ ಏರಿ, ಎಳೆಯುವ ಬಲ ಕುಗ್ಗುತ್ತದೆ. ವೋಲ್ಟೇಜ್ ಮೊದಲೇ ಕಡಿಮೆಯಿದ್ದರೆ ಕೈಬಿಡುತ್ತದೆ.

ಹಿಂದೆ ನೋಡಿದವರು ಸಾಕೆಟ್ ಕಳಚಿ, ಮೀಟರ್ ಹಿಡಿದು, "ಕರೆಂಟ್ ಬರುತ್ತಿದೆ" ಎಂದಿದ್ದರಂತೆ. ಸುಳ್ಳೇನಲ್ಲ, ನಾನು ಹಾಗೆಯೇ ಹಿಡಿದಾಗಲೂ 13.6 ವೋಲ್ಟ್ ತೋರಿಸಿತು. ಆದರೆ ಅದು ನೊಗ ಹೂಡದೆ ಎತ್ತು ಕೊಂಡ ಹಾಗೆ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು. ವೈರಿನ ಒಂದೇ ಎಳೆ ಉಳಿದಿದ್ದರೂ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಕ್ಲಚ್‌ಗೆ ಬೇಕಾದದ್ದು ಮೂರು ನಾಲ್ಕು ಆಂಪಿಯರ್.

ಆದ್ದರಿಂದ ಸಾಕೆಟ್ ಕೂಡಿಸಿ, ಎಸಿ ಚಾಲೂ ಇಟ್ಟು, ಹಿಂಬದಿಯಿಂದ ಸೂಜಿ ಪ್ರೋಬ್ ತೂರಿಸಿ ಅಳೆದೆ. ಬ್ಯಾಟರಿಯಲ್ಲಿ 13.8, ಕ್ಲಚ್‌ನ ಎರಡು ತುದಿಗಳ ನಡುವೆ 9.5. ಉಳಿದ 4.3 ವೋಲ್ಟ್ ಯಾರ ಪಾಲಾಯಿತು? ಬ್ಯಾಟರಿಯ ಪ್ಲಸ್‌ನಿಂದ ಕ್ಲಚ್‌ನ ಪ್ಲಸ್‌ಗೆ ಅಳೆದಾಗ 0.3, ಅದು ಸಹಜ. ಕ್ಲಚ್‌ನ ಮೈನಸ್‌ನಿಂದ ಬ್ಯಾಟರಿಯ ಮೈನಸ್‌ಗೆ ಪೂರಾ 4! ಇಲ್ಲಿ 0.2 ದಾಟಿದರೇ ನಾನು ಅನುಮಾನ ಪಡುತ್ತೇನೆ. ಮೈನಸ್ ವೈರನ್ನು ಕಾರಿನ ಲೋಹದ ಮೈಗೆ ಬಿಗಿಯುವ ಅರ್ಥಿಂಗ್ ಬೋಲ್ಟ್ ಬಿಚ್ಚಿದರೆ ಕೆಳಗೆ ಹಸಿರು ಕಿಲುಬು, ತೋಟಕ್ಕೆ ಹೊಡೆಯುವ ಮೈಲುತುತ್ತವನ್ನೇ ನೆನಪಿಸುವಂಥದ್ದು. ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಲೋಹದ ಬಳೆ) ಹಾಕಿ, ಗ್ರೀಸ್ ಸವರಿದೆ. ಕ್ಲಚ್‌ನಲ್ಲಿ 13.3 ಬಂತು.

ಫ್ಯೂಸ್, ರಿಲೇಗಳ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚುಗಳ) ಪರೀಕ್ಷೆ ಸುಲಭ. ಪಕ್ಕದಲ್ಲಿ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿದರೆ ಸಾಕು. ಗಾಳಿ ಬೀಸುವ ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿದರೆ ಅದರ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿರುವ ಸಂಭವವೇ ಹೆಚ್ಚು. ಮೋಟಾರ್ ಬದಲಿಸಲು ಓಡಬೇಡಿ.

ಎರಡು ಕೆಲಸ ಮಾತ್ರ ಬೇಡ. ಎಂಜಿನ್ ಕಂಪ್ಯೂಟರಿನ ವೈರುಗಳಿಗೆ ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪ್ ತಾಗಿಸಬೇಡಿ, ಅದು ಎಳೆಯುವ ಕರೆಂಟಿಗೆ ಒಳಗಿನ ಸರ್ಕ್ಯೂಟ್ ಸುಡಬಹುದು. ಗ್ಯಾಸ್ ಕಡಿಮೆಯಾದಾಗ ಕಂಪ್ರೆಸರ್ ನಿಲ್ಲಿಸುವ ಪ್ರೆಷರ್ ಸ್ವಿಚ್ಚಿಗೆ ವೈರ್ ತುಂಡು ಸಿಕ್ಕಿಸಿ ಓಡಿಸಲೂಬೇಡಿ. ಕಂಪ್ರೆಸರ್‌ಗೆ ಆಯಿಲ್ ತಲುಪುವುದು ಆ ಗ್ಯಾಸಿನ ಜೊತೆಗೇ.

ಅಂದ ಹಾಗೆ, ಬಾನೆಟ್ ಎತ್ತಿದಾಗ ಒಳಗೆ ಭತ್ತದ ಹೊಟ್ಟು ಕಂಡರೆ ಮೀಟರ್ ಬದಿಗಿಟ್ಟು ಟಾರ್ಚ್ ಹಿಡಿಯಿರಿ. ಕೊಟ್ಟಿಗೆಯ ಪಕ್ಕ ನಿಂತ ಕಾರಿನ ವೈರ್ ಕಡಿಯಲು ಇಲಿಗೆ ಒಂದು ರಾತ್ರಿ ಸಾಕು.