ಪುಟ್ಟ ಪೆಪ್ಟೈಡ್‌ಗಳು ಬ್ಯಾಕ್ಟೀರಿಯಾವನ್ನು ಹೇಗೆ ಗುರುತು ಹಿಡಿಯುತ್ತವೆ?

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್ ಮಾಡುವುದು ಅಷ್ಟೇನೂ ಕಷ್ಟವಲ್ಲ. ನಮ್ಮ ಜೀವಕೋಶಗಳ ತಂಟೆಗೆ ಹೋಗದೆ ಬ್ಯಾಕ್ಟೀರಿಯಾವನ್ನಷ್ಟೇ ಕೊಲ್ಲಬೇಕಲ್ಲ, ಕಷ್ಟ ಇರುವುದು ಅಲ್ಲಿ. ಓದುವಾಗ ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ.

ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ಆವೇಶ ಜಾಸ್ತಿ. ನಮ್ಮ ಕೋಶಪೊರೆಯ ಹೊರಪದರ ಹೆಚ್ಚುಕಡಿಮೆ ತಟಸ್ಥ. ಹಾಗಾಗಿ ಧನ ಆವೇಶದ ಪೆಪ್ಟೈಡ್ ಮೊದಲು ಬ್ಯಾಕ್ಟೀರಿಯಾಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಅದರ ನೀರಿಗೆ ಒಗ್ಗದ ಭಾಗ ಪೊರೆಯ ಕೊಬ್ಬಿನೊಳಗೆ ನುಗ್ಗುತ್ತದೆ. ಪೊರೆ ಸೋರತೊಡಗಿದರೆ ಕೋಶ ಉಳಿಯುವುದಿಲ್ಲ.

ಒಂದು ಉದಾಹರಣೆ ಬಿಡಿಸಿ ನೋಡೋಣ. ದನದ ಬಿಳಿ ರಕ್ತಕಣದಲ್ಲಿ ಸಿಗುವ ಇಂಡೋಲಿಸಿಡಿನ್ ಎಂಬ ಪೆಪ್ಟೈಡ್‌ನಲ್ಲಿ ಇರುವುದು ಬರೀ 13 ಅಮೈನೋ ಆಮ್ಲ: ಟ್ರಿಪ್ಟೊಫಾನ್ 5, ಪ್ರೋಲಿನ್ 3, ಆರ್ಜಿನಿನ್ 2, ಲೈಸಿನ್, ಲ್ಯೂಸಿನ್, ಐಸೊಲ್ಯೂಸಿನ್ ಒಂದೊಂದು. ಆವೇಶ ಲೆಕ್ಕ ಹಾಕಿ. ಆರ್ಜಿನಿನ್‌ಗಳಿಂದ 2, ಲೈಸಿನ್‌ನಿಂದ 1, ಮೊದಲ ತುದಿಯ ಅಮೈನೋ ಗುಂಪಿನಿಂದ 1. ಒಟ್ಟು +4. ಕೊನೆಯ ತುದಿಯ −1 ಎಲ್ಲಿ ಹೋಯಿತು? ಅಲ್ಲಿ ಋಣ ಆವೇಶದ ಕಾರ್ಬಾಕ್ಸಿಲ್ ಗುಂಪಿನ ಬದಲು ಆವೇಶವಿಲ್ಲದ ಅಮೈಡ್ ಗುಂಪು ಇದೆ, ಅದಕ್ಕೇ ಅದು ಲೆಕ್ಕಕ್ಕೆ ಬರುವುದಿಲ್ಲ. ಪ್ರಯೋಗಾಲಯದಲ್ಲಿ ತಯಾರಿಸುವ ಪೆಪ್ಟೈಡ್‌ಗಳಿಗೂ ಅಮೈಡ್ ತುದಿ ಕೊಡುವುದಕ್ಕೆ ಇದೊಂದು ಕಾರಣ.

ಆದರೆ ನೀರಿಗೆ ಒಗ್ಗದ ಟ್ರಿಪ್ಟೊಫಾನ್ ಇಷ್ಟೊಂದು ಇದ್ದರೆ ತೊಂದರೆಯೂ ಇದೆ. ಇಂಡೋಲಿಸಿಡಿನ್ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ಅದಕ್ಕೇ ಎಂಐಸಿ, ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಅತಿ ಕಡಿಮೆ ಪ್ರಮಾಣ, ಒಂದನ್ನೇ ನೋಡಿ ಖುಷಿಪಡುವ ಹಾಗಿಲ್ಲ. ಎಷ್ಟು ಪ್ರಮಾಣಕ್ಕೆ ರಕ್ತಕಣ ಒಡೆಯುತ್ತದೆ ಅನ್ನುವುದನ್ನೂ ಪಕ್ಕದಲ್ಲೇ ಇಟ್ಟು ನೋಡಬೇಕು. ಎರಡರ ನಡುವಿನ ಅಂತರ ದೊಡ್ಡದಿದ್ದಷ್ಟೂ ಒಳ್ಳೆಯದು.

ಚಿಕ್ಕದೇ ಯಾಕೆ ಬೇಕು? ತಯಾರಿಸುವಾಗ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಸೇರಿಸಬೇಕು, ಉದ್ದವಾದಷ್ಟೂ ಖರ್ಚು ಜಾಸ್ತಿ. ಹಾಗಂತ ಸುಮ್ನೆ ಕತ್ತರಿಸುತ್ತಾ ಹೋಗಲೂ ಆಗದು. ಆಲ್ಫಾ ಹೆಲಿಕ್ಸ್‌ನಲ್ಲಿ, ಅಂದರೆ ಪೆಪ್ಟೈಡ್ ಸುರುಳಿಯಾಗಿ ಸುತ್ತಿಕೊಂಡಾಗ, ಒಂದೊಂದು ಅಮೈನೋ ಆಮ್ಲ 0.15 ನ್ಯಾನೋಮೀಟರ್ ಉದ್ದ ಕೊಡುತ್ತದೆ. ಪೊರೆಯ ಕೊಬ್ಬಿನ ಪದರ ಸುಮಾರು 3 ನ್ಯಾನೋಮೀಟರ್ ದಪ್ಪ. ಅಡ್ಡಲಾಗಿ ದಾಟಲು ಸುಮಾರು 20 ಬೇಕು, ಅಲ್ವಾ? ಅದಕ್ಕಿಂತ ಚಿಕ್ಕವು ಪೊರೆಯ ಮೇಲೆ ಮಲಗಿ ಅದರ ಜೋಡಣೆಯನ್ನೇ ಕದಡಬಹುದು.

ಇನ್ನೊಂದು ಅಡ್ಡಿ ಟ್ರಿಪ್ಸಿನ್, ಪ್ರೋಟೀನ್ ಕತ್ತರಿಸುವ ಒಂದು ಕಿಣ್ವ. ಲೈಸಿನ್, ಆರ್ಜಿನಿನ್ ಕಂಡಲ್ಲಿ ಕತ್ತರಿಸುವುದೇ ಅದರ ಕೆಲಸ, ಧನ ಆವೇಶಕ್ಕಾಗಿ ನಮಗೆ ಬೇಕಾದವೂ ಅವೇ. ಇದಕ್ಕೆ ಸಿಕ್ಕ ದಾರಿ ನನಗೆ ತುಂಬ ಇಷ್ಟ. 1987ರಲ್ಲಿ ವಿಜ್ಞಾನಿ ಮೈಕೆಲ್ ಝಾಸ್ಲೋಫ್ ಆಫ್ರಿಕಾದ ಕಪ್ಪೆಯ ಚರ್ಮದಿಂದ ಮ್ಯಾಗೈನಿನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್ ಬೇರ್ಪಡಿಸಿದರು. ಮುಂದೆ ಅದನ್ನೇ ಪೂರ್ತಿ ಡಿ-ಅಮೈನೋ ಆಮ್ಲಗಳಿಂದ, ಅಂದರೆ ಕನ್ನಡಿ ಬಿಂಬದ ರೂಪದಲ್ಲಿ, ಮಾಡಿದಾಗಲೂ ಬ್ಯಾಕ್ಟೀರಿಯಾ ಸತ್ತವು. ಟ್ರಿಪ್ಸಿನ್‌ಗೆ ಆ ರೂಪ ಕತ್ತರಿಸಲು ಬರುವುದಿಲ್ಲ. ಪೆಪ್ಟೈಡ್ ಯಾವುದೋ ಒಂದು ಗ್ರಾಹಕ ಪ್ರೋಟೀನ್‌ಗೆ ಕೂರಬೇಕಾಗಿದ್ದರೆ ಈ ಬಿಂಬ ಕೆಲಸ ಮಾಡುತ್ತಿರಲಿಲ್ಲ. ಗುರಿ ಪೊರೆಯೇ ಅನ್ನುವುದಕ್ಕೆ ಇದು ಒಳ್ಳೆಯ ಪುರಾವೆ.

ಬ್ಯಾಕ್ಟೀರಿಯಾ ಕೂಡ ಸುಮ್ಮನಿರುವುದಿಲ್ಲ. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ತನ್ನ ಪೊರೆಯ ಕೊಬ್ಬಿಗೆ (ಲಿಪಿಡ್) ಧನ ಆವೇಶದ ಲೈಸಿನ್ ಅಂಟಿಸಿ ಋಣ ಆವೇಶ ಕಡಿಮೆ ಮಾಡಿಕೊಳ್ಳುತ್ತದೆ. ಆಗ ಪೆಪ್ಟೈಡ್‌ನ ಹಿಡಿತ ಸಡಿಲವಾಗುತ್ತದೆ.