ಎಲ್ಲರೂ ಕೊಳ್ಳುವುದರಿಂದಲೇ ಅಮೆರಿಕದ ಷೇರು ಪೇಟೆ ಏರುತ್ತಿದೆಯಾ?

ಪ್ರಶ್ನೆ: ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಪ್ರತಿ ಸಂಬಳದಲ್ಲೂ ಒಂದಿಷ್ಟು 401ಕೆ ಅನ್ನುವ ನಿವೃತ್ತಿ ಉಳಿತಾಯ ಖಾತೆಗೆ, ಅಲ್ಲಿಂದ ಷೇರುಗಳಿಗೆ ಹೋಗುತ್ತದೆ. ಹೀಗೆ ಕೋಟ್ಯಂತರ ಜನ ತಿಂಗಳು ತಿಂಗಳು ಹಣ ಸುರಿಯುವುದರಿಂದಲೇ ಅಲ್ಲಿನ ಪೇಟೆ ಏರುತ್ತಾ ಬಂದಿದೆ ಅಲ್ವಾ?

ಉತ್ತರ: ಹಾಗೆ ಅನ್ನಿಸುವುದು ಸಹಜ. ಆದರೆ ನಿಮ್ಮ ಮಗಳು ಒಂದು ಷೇರು ಕೊಂಡರೆ, ಅದನ್ನು ಯಾರೋ ಮಾರಿರಲೇಬೇಕು. ಹಣ ಪೇಟೆಯೊಳಗೆ ತುಂಬಿಕೊಂಡು ಕೂರುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೆ. ಕೊಳ್ಳುವವರ ಆತುರ ಬೆಲೆಯನ್ನು ಕೆಲವು ವರ್ಷ ಮೇಲೆತ್ತೀತು. ಎಪ್ಪತ್ತು ವರ್ಷ ಎತ್ತಿ ಹಿಡಿಯುವುದು ಕಂಪನಿಗಳ ಲಾಭ.

ಬಾಡಿಗೆಗೆ ಕೊಟ್ಟ ಒಂದು ಅಂಗಡಿ ಮಳಿಗೆ ಇದೆ ಅಂದುಕೊಳ್ಳಿ. ವರ್ಷಕ್ಕೆ ಒಂದು ಲಕ್ಷ ಬಾಡಿಗೆ. ಅದರ 15 ಪಟ್ಟು ಕೊಡಲು ಜನ ಒಪ್ಪಿದರೆ ಮಳಿಗೆಯ ಬೆಲೆ 15 ಲಕ್ಷ. ಬಾಡಿಗೆ ಎರಡು ಲಕ್ಷವಾದರೆ ಬೆಲೆ 30 ಲಕ್ಷ. ಬಾಡಿಗೆ ಏರದೆಯೇ ಜನ 30 ಪಟ್ಟು ಕೊಡಲು ಮುಂದಾದರೂ 30 ಲಕ್ಷವೇ. ಷೇರಿನಲ್ಲಿ ಬಾಡಿಗೆಯ ಜಾಗದಲ್ಲಿ ಲಾಭವಿರುತ್ತದೆ, ಬೆಲೆ ಆ ಲಾಭದ ಎಷ್ಟು ಪಟ್ಟು ಅನ್ನುವುದಕ್ಕೆ ಪಿಇ ಅನ್ನುತ್ತಾರೆ. ಲಾಭ ದಶಕಗಟ್ಟಲೆ ಬೆಳೆಯಬಲ್ಲದು. ಪಿಇ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ.

ಇದನ್ನು ನೋಡಲು ನನಗೆ ಇಷ್ಟವಾದ ಕಾಲ 1966ರಿಂದ 1982. ಅಮೆರಿಕದ 500 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕ 1966ರ ಫೆಬ್ರವರಿಯಲ್ಲಿ 94ರ ಹತ್ತಿರ ಇತ್ತು. 1982ರ ಆಗಸ್ಟ್‌ನಲ್ಲಿ 102. ಹದಿನಾರು ವರ್ಷ ಕಾದವರಿಗೆ ಸಿಕ್ಕಿದ್ದು ಎಂಟು ಅಂಕ! ಕಂಪನಿಗಳೇನೂ ಸುಮ್ನೆ ಕೂತಿರಲಿಲ್ಲ, ಲಾಭ ಎರಡು ಪಟ್ಟಿಗೂ ಜಾಸ್ತಿ ಆಗಿತ್ತು. ಆದರೆ 1981ರಲ್ಲಿ ಅಮೆರಿಕ ಸರ್ಕಾರದ 10 ವರ್ಷದ ಬಾಂಡ್ (ಸಾಲಪತ್ರ) ಶೇ 15ಕ್ಕೂ ಮೇಲೆ ಬಡ್ಡಿ ಕೊಡುತ್ತಿತ್ತು. ನಿಶ್ಚಿಂತೆಯಾಗಿ ಅಷ್ಟು ಸಿಗುವಾಗ ಷೇರಿಗೆ ಯಾರು ಹೆಚ್ಚು ಕೊಡುತ್ತಾರೆ? ಪಿಇ 8ರ ಆಸುಪಾಸಿಗೆ ಕುಸಿಯಿತು. ಲಾಭ ಗಳಿಸಿದ್ದನ್ನು ಬಡ್ಡಿ ದರ ತಿಂದುಹಾಕಿತು.

ಆಮೇಲೆ ಬಡ್ಡಿ ಇಳಿಯತೊಡಗಿತು, ಆಟ ತಿರುಗಿತು. 2000ದ ಮಾರ್ಚ್ ಹೊತ್ತಿಗೆ ಸೂಚ್ಯಂಕ 1,527. ಅಂದರೆ 15 ಪಟ್ಟು. ಲಾಭ ಬೆಳೆದದ್ದು ಸುಮಾರು ನಾಲ್ಕು ಪಟ್ಟು ಮಾತ್ರ. ಮಿಕ್ಕಿದ್ದೆಲ್ಲ ಪಿಇ ಕೊಟ್ಟ ಸಾಲ, ಮತ್ತು ಅದನ್ನು ತೀರಿಸಬೇಕಾಗಿ ಬಂತು. ಆ ಮಟ್ಟವನ್ನು ದಾಟಿ ಗಟ್ಟಿಯಾಗಿ ನಿಂತದ್ದು 2013ರಲ್ಲಿ.

ಲಾಭವೇ ಏಕೆ ಬೆಳೆಯುತ್ತದೆ? ಒಂದು ಪಾಲು ಬರೀ ಸಾಮಾನುಗಳ ಬೆಲೆ ಏರಿಕೆ. 500 ಕಂಪನಿಗಳ ಈ ಸೂಚ್ಯಂಕ 1957ರಲ್ಲಿ ಶುರುವಾದಾಗ 44ರಷ್ಟಿತ್ತು. 2024ರ ಕೊನೆಗೆ 5,880 ದಾಟಿತ್ತು. 130 ಪಟ್ಟು ಅಂದರೆ ಬಾಯಿ ಬಿಡಬೇಕು. ಆದರೆ ಅಷ್ಟರಲ್ಲಿ ಅಮೆರಿಕದಲ್ಲಿ ಸಾಮಾನು ಸರಂಜಾಮಿನ ಬೆಲೆಯೂ 11 ಪಟ್ಟಾಗಿದೆ. ಹಾಗಾಗಿ ನಿಜವಾದ ಏರಿಕೆ 12 ಪಟ್ಟಿನಷ್ಟು. ಇದರಲ್ಲಿ ಡಿವಿಡೆಂಡ್, ಅಂದರೆ ಕಂಪನಿಗಳು ಷೇರುದಾರರಿಗೆ ಹಂಚುವ ಲಾಭ, ಸೇರಿಲ್ಲ, ಸೇರಿಸಿದರೆ ಲೆಕ್ಕ ಬಹಳ ದೊಡ್ಡದಾಗುತ್ತದೆ.

ಉಳಿದದ್ದು ಹೊಸ ಯಂತ್ರ, ಹೊಸ ತಂತ್ರಜ್ಞಾನ, ಮತ್ತು ಇಡೀ ಜಗತ್ತಿಗೆ ಮಾಡುವ ವ್ಯಾಪಾರ. ಐಫೋನ್ ಅಮೆರಿಕದವರಷ್ಟೇ ಕೊಳ್ಳುವುದಿಲ್ಲವಲ್ಲ. 2018ರಿಂದ ಕಂಪನಿ ತೆರಿಗೆ ಶೇ 35ರಿಂದ 21ಕ್ಕೆ ಇಳಿದದ್ದೂ ಕೈಹಿಡಿಯಿತು. 1982ರ ಒಂದು ನಿಯಮ ಬಂದ ಮೇಲೆ ಕಂಪನಿಗಳು ತಮ್ಮ ಷೇರನ್ನು ತಾವೇ ಧೈರ್ಯವಾಗಿ ಮರಳಿ ಕೊಳ್ಳತೊಡಗಿದವು. ಷೇರುಗಳು ಕಡಿಮೆಯಾದರೆ ಒಂದೊಂದಕ್ಕೂ ಬರುವ ಲಾಭದ ಪಾಲು ಜಾಸ್ತಿ.

ಇನ್ನೊಂದು ಗುಟ್ಟನ್ನು ಜನ ಮರೆಯುತ್ತಾರೆ. ಸೂಚ್ಯಂಕದಲ್ಲಿ ಸೋತವರು ಉಳಿಯುವುದಿಲ್ಲ. 2001ರ ನವೆಂಬರ್‌ನಲ್ಲಿ ಮುಳುಗುತ್ತಿದ್ದ ಇಂಧನ ಕಂಪನಿ ಎನ್ರಾನ್ ಅನ್ನು ತೆಗೆದು ಆ ಜಾಗಕ್ಕೆ ಚಿಪ್ ಕಂಪನಿ ಎನ್‌ವಿಡಿಯಾವನ್ನು ಸೇರಿಸಿದರು. ಎನ್ರಾನ್ ಷೇರನ್ನಷ್ಟೇ ಹಿಡಿದು ಕೂತವರಿಗೆ ಈ ಸವಲತ್ತು ಇರಲಿಲ್ಲ.

401ಕೆಗೆ ಮರಳೋಣ. ಅದು ಹುಟ್ಟಿದ್ದು 1978ರ ಕಾನೂನಿನಿಂದ. ಅದಕ್ಕೆ ಮುಂಚೆಯೇ ಸೂಚ್ಯಂಕ 44ರಿಂದ ಎರಡು ಪಟ್ಟಾಗಿತ್ತು. ಆ ಹಣದಿಂದ ಪಿಇ ಒಂದಿಷ್ಟು ಮೇಲಿದ್ದರೆ ಆಶ್ಚರ್ಯವಿಲ್ಲ. ಆದರೆ ಕೊಳ್ಳುವವರ ಉತ್ಸಾಹವೊಂದೇ ಸಾಕಾಗಿದ್ದರೆ ಜಪಾನಿನ ಷೇರು ಸೂಚ್ಯಂಕ ನಿಕೇಯಿ 1989ರಲ್ಲಿ ಮುಟ್ಟಿದ 38,915ಕ್ಕೆ ಮರಳಲು 2024ರವರೆಗೆ ಕಾಯಬೇಕಿರಲಿಲ್ಲ.