ಕಾವಲಿಗೆ ಮಾತ್ರ ಚಳಿ ಹಿಡಿಯುತ್ತದೆಯೇ?

ಪ್ರಶ್ನೆ: ಡಿಸೆಂಬರ್ ಬೆಳಗ್ಗೆ ಕಬ್ಬಿಣದ ದೋಸೆ ಕಾವಲಿ ಮುಟ್ಟಿದರೆ ಕೈ ಕೊರೆಯುತ್ತದೆ. ಪಕ್ಕದಲ್ಲೇ ಇರುವ ಮರದ ಮಣೆ ಮುಟ್ಟಿದರೆ ಏನೂ ಅನಿಸುವುದಿಲ್ಲ. ಯಾಕೆ?

ಶಿರಸಿ, ಸಿದ್ದಾಪುರದ ಕಡೆ ಚಳಿ ಬಿತ್ತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ರಾತ್ರಿಯಿಡೀ ಒಂದೇ ಅಡುಗೆಮನೆಯಲ್ಲಿದ್ದ ಕಾವಲಿ, ಮಣೆ, ತಂಬಿಗೆ ಮೂರೂ ಅಲ್ಲಿನ ಗಾಳಿಯಷ್ಟೇ ತಣ್ಣಗಿರುತ್ತವೆ. ಗಾಳಿ 18 ಡಿಗ್ರಿ ಇದ್ದರೆ ಅವೂ 18. ವ್ಯತ್ಯಾಸ ಇರುವುದು ನಿಮ್ಮ ಕೈಯ ಶಾಖ ಎಷ್ಟು ಬೇಗ ಹೊರಟುಹೋಗುತ್ತದೆ ಎನ್ನುವುದರಲ್ಲಿ. ಕಬ್ಬಿಣದಲ್ಲಿ ಶಾಖ ಮರಕ್ಕಿಂತ ನೂರಾರು ಪಟ್ಟು ಸಲೀಸಾಗಿ ಸಾಗುತ್ತದೆ. ಮಣೆಯಲ್ಲಾದರೆ ಬೆರಳು ತಾಗಿದಷ್ಟು ಜಾಗ ಕ್ಷಣದಲ್ಲಿ ಬೆಚ್ಚಗಾಗಿ, ಶಾಖ ಅಲ್ಲೇ ನಿಲ್ಲುತ್ತದೆ. ಕಾವಲಿ ಮಾತ್ರ ಎಳೆದುಕೊಳ್ಳುತ್ತಲೇ ಇರುತ್ತದೆ.

ಇಷ್ಟು ಹೇಳಿದ ಮೇಲೂ “ಕಬ್ಬಿಣ ಅಂದರೇ ತಂಪು, ಮುಟ್ಟಿದರೆ ಗೊತ್ತಾಗುತ್ತದಲ್ಲ” ಎಂಬ ಮಾತು ಬಿಡುವುದಿಲ್ಲ. ದಯವಿಟ್ಟು ಒಮ್ಮೆ ಮಾಡಿ ನೋಡಿ. ಕಾವಲಿ ಮತ್ತು ಮಣೆಯನ್ನು ರಾತ್ರಿಯೇ ಒಲೆಯಿಂದ ದೂರ, ಒಂದೇ ಕಡೆ ಇಡಿ. ಎರಡೂ ಒಣಗಿರಬೇಕು, ಒದ್ದೆ ಇದ್ದರೆ ನೀರು ಆರುವಾಗಲೇ ತಣ್ಣಗಾಗಿ ಲೆಕ್ಕ ತಪ್ಪುತ್ತದೆ. ಬೆಳಗ್ಗೆ ಫ್ರಿಜ್ಜಿನ ಒಂದೇ ಟ್ರೇಯಿಂದ ಒಂದೇ ಅಳತೆಯ ಎರಡು ಐಸ್ ತುಂಡು ತೆಗೆದು ಒಂದೊಂದರ ಮೇಲೆ ಇಡಿ. ಕಾವಲಿ ನಿಜವಾಗಿ ಹೆಚ್ಚು ತಣ್ಣಗಿದ್ದರೆ ಅದರ ಮೇಲಿನ ಐಸು ಹೆಚ್ಚು ಹೊತ್ತು ಉಳಿಯಬೇಕಿತ್ತು. ಆಗುವುದು ತಿರುಗಾಮುರುಗಾ: ಕಾವಲಿಯ ಮೇಲಿನದು ಇಟ್ಟ ಕೂಡಲೇ ಬುಡದಲ್ಲಿ ನೀರಾಗಿ ಜಾರತೊಡಗುತ್ತದೆ, ಮಣೆಯ ಮೇಲಿನದು ಗಟ್ಟಿಯಾಗಿಯೇ ಕೂತಿರುತ್ತದೆ. ನಿಮ್ಮ ಕೈಯಿಂದ ಶಾಖ ಎಳೆದ ಅದೇ ಕಬ್ಬಿಣ ಐಸಿಗೆ ತನ್ನ ಶಾಖವನ್ನು ಅಷ್ಟೇ ಧಾರಾಳವಾಗಿ ಕೊಡುತ್ತದೆ.

ಇನ್ನೂ ಅನುಮಾನವಿದ್ದರೆ ಏಪ್ರಿಲ್ ಮಧ್ಯಾಹ್ನ ಕಾರವಾರದ ಕಡಲತೀರಕ್ಕೆ ಹೋಗಿ. ಬಿಸಿಲಿಗೆ ಕಾದ ಕಬ್ಬಿಣದ ಕಂಬಿ ಚುರ್ ಎನ್ನಿಸುತ್ತದೆ, ದೋಣಿಯ ಹಲಗೆಯ ಮೇಲೆ ಕೈ ಇಟ್ಟುಕೊಳ್ಳಬಹುದು. ತಂಪು ಕಬ್ಬಿಣದ ಗುಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಮೀನಿನ ಥರ್ಮೋಕೋಲ್ ಪೆಟ್ಟಿಗೆಯ ವಿಷಯವೂ ಇಷ್ಟೇ: ಅದು ತಂಪು ಕೊಡುವುದಿಲ್ಲ, ಹೊರಗಿನ ಶಾಖ ಐಸಿಗೆ ಬೇಗ ತಲುಪದಂತೆ ತಡೆಯುತ್ತದೆ.

ಶಾಖದ ಮಾತು ಬಂದಾಗ ಬಕೆಟ್ಟಿಗೆ ಹಾಕುವ ಕಾಯಿಲ್ ಬಗ್ಗೆಯೂ ಹೇಳಲೇಬೇಕು. ಬಚ್ಚಲ ಒಲೆಯ ಹಂಡೆಗೆ ಬೆಂಕಿ ತಳದಲ್ಲಿರುತ್ತದೆ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ನೀರು ತಾನಾಗಿ ಬೆರೆಯುತ್ತದೆ. ಕಾಯಿಲ್ ಬಕೆಟ್ಟಿನ ನಡುವೆ ತೂಗುತ್ತಿದ್ದರೆ ಅದರ ಮೇಲಿನ ನೀರು ಕುದಿಯುವಷ್ಟು ಕಾದರೂ ತಳದ್ದು ಬಹಳ ಹೊತ್ತು ತಣ್ಣಗೇ ಇರುತ್ತದೆ. 15 ಲೀಟರ್ ನೀರನ್ನು 20ರಿಂದ 40 ಡಿಗ್ರಿಗೆ ತರಲು 1500 ವಾಟಿನ ಕಾಯಿಲಿಗೆ ಸುಮಾರು ಕಾಲು ಗಂಟೆ ಸಾಕು. ಆಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಾಯಿಲ್ ಹೊರಗೆ ತೆಗೆದು, ತಂಬಿಗೆಯಿಂದ ತಳದವರೆಗೆ ಕಲಕಿ. ಬಿಸಿ ನೋಡಲು ನೀರಿಗೆ ಬೆರಳು ಅದ್ದುವುದು ಅದಾದ ಮೇಲೆಯೇ.